ರಕ್ತದ ಫ್ರಿಜ್ಜಿನ ಕಾವಲು

ಈ ಪ್ರಸಂಗವನ್ನು ಮೊದಲು ಹೇಳಿದವರು ಆಸ್ಪತ್ರೆಯೊಂದರ ರಕ್ತನಿಧಿಯನ್ನು ನೋಡಿಕೊಳ್ಳುತ್ತಿದ್ದ ಹಿರಿಯ ದಾದಿ. ಹೇಳಿದ್ದು ಅವರು ನಿವೃತ್ತರಾದ ವರ್ಷ, ಅಲ್ಲಿನ ಕ್ಯಾಂಟೀನಿನಲ್ಲಿ, ಪಾಳಿ ಮುಗಿಸಿದವರು ಸುತ್ತ ಕುಳಿತಿದ್ದಾಗ. ಮುಂದೆ ಬೇರೆಯವರ ಬಾಯಲ್ಲಿ ರಕ್ತ ಹೋಗಿ ಲಸಿಕೆಯಾಯಿತು, ಅತ್ತಿಗೆ ಹೋಗಿ ಅಕ್ಕನಾದಳು. ಇಲ್ಲಿರುವುದು ದಾದಿ ಹೇಳಿದ ರೂಪವೇ. ಅವರು ಆರಂಭಿಸಿದ್ದು ನಡುವಿನಿಂದ:

"ಅವತ್ತು ಅತ್ತಿಗೆ, ಮೈದುನ ಇಬ್ರೂ ಪರದೆಗೆ ಮೂಗು ತಾಗಿಸ್ಕೊಂಡು ಕೂತಿದ್ರು."

ಕೋಣೆ ಆಸ್ಪತ್ರೆಯ ನೆಟ್‌ವರ್ಕ್ ಕಾಯುವವರದು. ಯಾವ ಯಂತ್ರ ಮಾತಾಡುತ್ತಿದೆ, ಯಾವುದು ಸುಮ್ಮನಾಗಿದೆ ಎಂದು ಅಲ್ಲಿನ ಸಾಫ್ಟ್‌ವೇರ್ ಸದಾ ನೋಡುತ್ತಿತ್ತು. ತಂತಿಗಳ ನಡುವೆ ಕೂರುತ್ತಿದ್ದ ಮೈದುನನಿಗೆ ಜೇಡ ಎಂಬ ಅಡ್ಡಹೆಸರು. ಅವನ ಅಣ್ಣನ ಹೆಂಡತಿ ಅದೇ ಕೋಣೆಯಲ್ಲಿ ಪ್ರೋಗ್ರಾಂ ಬರೆಯುವವಳು. ರಕ್ತವಿಟ್ಟ ಫ್ರಿಜ್ಜಿನ ತಾಪ ಕಾಯಲು ಒಂದು ಮಾಡ್ಯೂಲನ್ನು, ಅಂದರೆ ಪುಟ್ಟ ಪೂರಕ ಪ್ರೋಗ್ರಾಮನ್ನು, ತಾನೇ ಬರೆದು ಆ ಸಾಫ್ಟ್‌ವೇರಿಗೆ ಸೇರಿಸಿದ್ದಳು. ಅಂದು ಬೆಳಿಗ್ಗೆ ಎಲ್ಲವನ್ನೂ ನಿಲ್ಲಿಸಿ, ಹೊಸ ಆವೃತ್ತಿ ಹಾಕಿ ಮತ್ತೆ ಚಾಲೂ ಮಾಡಿದ್ದರು. ಉಳಿದ ಮಾಡ್ಯೂಲುಗಳೆಲ್ಲ ಎದ್ದವು, ಇವಳದು ಏಳಲಿಲ್ಲ. 'ಲೋಡ್ ಆಗಲಿಲ್ಲ' ಎಂಬ ಒಂದೇ ಸಾಲು ಬಂತು, ಕಾರಣವಿರಲಿಲ್ಲ.

ಅಷ್ಟರಲ್ಲಿ ದಾದಿಯ ಫೋನು. ಮಧ್ಯಾಹ್ನ ಗರ್ಭಿಣಿಯೊಬ್ಬಳಿಗೆ ಶಸ್ತ್ರಚಿಕಿತ್ಸೆ. ಅವಳ ಗುಂಪಿನ ರಕ್ತ ಅಪರೂಪದ್ದು, ಇದ್ದದ್ದೆಲ್ಲ ಆ ಫ್ರಿಜ್ಜಿನಲ್ಲೇ. ಬಾಗಿಲ ಮೇಲಿನ ಅಂಕಿ ನಾಲ್ಕು ಡಿಗ್ರಿ ತೋರಿಸುತ್ತಿದೆ, ರಕ್ತ ಕ್ಷೇಮ. ಆದರೂ ಕಾವಲಿಲ್ಲದೆ ಬಿಡಲಾಗದು, ಬೇಗ ಸರಿಮಾಡಿ ಎಂದರು.

ಫ್ರಿಜ್ಜು ನೆಟ್ಟಗಿದೆ ಎಂದಮೇಲೆ ತಪ್ಪೆಲ್ಲ ಮಾಡ್ಯೂಲಿನದೇ ಎಂದು ಇಬ್ಬರೂ ನಂಬಿದರು. ಅದರ ಕಡತ ಸರಿಯಾದ ಜಾಗದಲ್ಲಿತ್ತು. ಅದನ್ನು ಓದುವ ಅನುಮತಿಯೂ ಇತ್ತು. ಮಾಡ್ಯೂಲನ್ನು ಹೊಸ ಆವೃತ್ತಿಗೆ ಹೊಂದುವಂತೆ ಮತ್ತೆ ಕಟ್ಟಿ ನೋಡಿದರು, ಮತ್ತದೇ ಸಾಲು. ಅಣ್ಣನೂ ಹೀಗೇ ಕರೆದರೆ ಏಳುವುದಿಲ್ಲ, ಅತ್ತಿಗೆಯ ಪಾಲಿಗೆ ಬಂದದ್ದೆಲ್ಲ ಕುಂಭಕರ್ಣನ ವಂಶ ಎಂದು ಜೇಡ ಛೇಡಿಸಿದ. ವಂಶ ನಿಮ್ಮದೇ ತಾನೇ ಎಂದಳು ಅವಳು, ಪರದೆಯಿಂದ ಕಣ್ಣು ಕೀಳದೆ.

ಅವಳನ್ನು ಕೊರೆಯುತ್ತಿದ್ದದ್ದು ಬೇರೆ. ಪ್ರಯೋಗಕ್ಕೆಂದು ಇಟ್ಟುಕೊಂಡ ಯಂತ್ರದಲ್ಲಿ ಇದೇ ಮಾಡ್ಯೂಲ್ ಹೂವೆತ್ತಿದಷ್ಟು ಸಲೀಸಾಗಿ ಏಳುತ್ತಿತ್ತು. ಕಡತ ಒಂದೇ, ಆವೃತ್ತಿ ಒಂದೇ. ಇಲ್ಲಿಲ್ಲದ್ದು ಅಲ್ಲೇನಿದೆ?

ಜೇಡನ ತಾಳ್ಮೆ ತೀರಿತ್ತು. ಮಾಡ್ಯೂಲಿನ ಆರಂಭದಲ್ಲೇ ಅವಳೊಂದು ಕಟ್ಟಳೆ ಬರೆದಿದ್ದಳು: ಏಳುವ ಮುನ್ನ ಫ್ರಿಜ್ಜನ್ನು ಒಮ್ಮೆ ಮಾತಾಡಿಸಬೇಕು, ಉತ್ತರ ಬಾರದಿದ್ದರೆ ಏಳಕೂಡದು.

"ಆ ಸಾಲು ಕಿತ್ತಾಕಿ ಅತ್ತಿಗೆ. ತಕ್ಷಣ ಏಳುತ್ತೆ."

"ಏಳುತ್ತೆ, ಸರಿ. ಎದ್ದು ಏನು ನೋಡುತ್ತೆ?"

"ಹಳೇ ಅಂಕಿ ತೋರಿಸ್ತಿರುತ್ತೆ. ಬಾಗಿಲ ಮೇಲೂ ಅದೇ ನಾಲ್ಕು ತಾನೇ ಇರೋದು?"

'ಅದೇ ನಾಲ್ಕು' ಎಂದದ್ದೇ ತಡ, ಅಳಿಸಲು ಹೋದ ಅವಳ ಬೆರಳು ಅಲ್ಲೇ ನಿಂತಿತು. ಪ್ರಯೋಗದ ಯಂತ್ರಕ್ಕೆ ಅವಳು ನಿಜವಾದ ಫ್ರಿಜ್ಜನ್ನು ಜೋಡಿಸಿರಲೇ ಇಲ್ಲ. ಕೇಳಿದಾಗಲೆಲ್ಲ 'ನಾಲ್ಕು' ಎನ್ನುವ ಅಣಕು ಫ್ರಿಜ್ಜೊಂದನ್ನು ಬರೆದಿಟ್ಟಿದ್ದಳು. ಈಗ ಇಲ್ಲಿನ ಮಾಡ್ಯೂಲಿಗೂ ಆ ಅಣಕು ಫ್ರಿಜ್ಜಿನ ವಿಳಾಸವನ್ನೇ ಕೊಟ್ಟಳು. ಅದು ಥಟ್ಟನೆ ಎದ್ದಿತು.

"ಮಾಡ್ಯೂಲ್ ಗಟ್ಟಿಯಾಗಿದೆ ಕಣೋ," ಎಂದಳು. "ಮಾತಾಡ್ದೆ ಇರೋದು ಫ್ರಿಜ್ಜು."

ಇಬ್ಬರೂ ಕೆಳಗಿಳಿದು ರಕ್ತನಿಧಿಗೆ ಓಡಿದರು. ದಾದಿ ಅಂಕಿಯತ್ತ ಬೆರಳು ಮಾಡಿ ನಕ್ಕರು, ನಾಲ್ಕೇ ಇತ್ತು. ಅತ್ತಿಗೆ ಬಾಗಿಲನ್ನು ತೆರೆದು ಹಿಡಿದಳು. ಕೋಣೆಯ ಸೆಕೆ ಒಳಗೆ ನುಗ್ಗುತ್ತಿದ್ದರೂ ನಾಲ್ಕು ಕದಲಲಿಲ್ಲ. ದಾದಿಯ ನಗು ಅಡಗಿತು. ಗಾಜಿನ ಥರ್ಮಾಮೀಟರು ತಂದು ಚೀಲಗಳ ನಡುವೆ ಇಟ್ಟು ಬಾಗಿಲು ಮುಚ್ಚಿ ಕಾದರು. ಮತ್ತೆ ತೆಗೆದಾಗ ಅದು ಎಂಟರ ಹತ್ತಿರವಿತ್ತು. ಹತ್ತು ಮುಟ್ಟಿದ್ದರೆ ಅಷ್ಟನ್ನೂ ಚೆಲ್ಲಬೇಕಿತ್ತು. ಕಾವಲು ನಿಲ್ಲಿಸಿದ ಆ ಹೊತ್ತಿನಲ್ಲೇ ಫ್ರಿಜ್ಜಿನ ನಿಯಂತ್ರಕ ಕೆಟ್ಟು, ಕೊನೆಯ ಅಂಕಿಯನ್ನೇ ಕಚ್ಚಿಕೊಂಡು ನಿಂತಿತ್ತು. ಜೇಡ ಅಂಗಿಯ ತೋಳು ಮಡಚಿ, ಚೀಲಗಳನ್ನು ಒಂದೊಂದಾಗಿ ಪಕ್ಕದ ಫ್ರಿಜ್ಜಿಗೆ ಸಾಗಿಸತೊಡಗಿದ.

ದಾದಿ ಇಲ್ಲಿಗೆ ನಿಲ್ಲಿಸಿದರು. ಆ ಹೆಣ್ಣುಮಗಳಿಗೆ ರಕ್ತ ಸಿಕ್ಕಿತೇ ಎಂದು ಒಬ್ಬರು ಕೇಳಿದರು. ಸಿಕ್ಕಿತು, ತಾಯಿ ಮಗು ಇಬ್ಬರೂ ನಡೆದುಕೊಂಡೇ ಮನೆಗೆ ಹೋದರು ಎಂದು ಹೇಳಿ, ನಡೆದದ್ದು ತಾಯಿ ಮಾತ್ರ ಎಂದು ತಾವೇ ತಿದ್ದಿಕೊಂಡರು. ಮಾಡ್ಯೂಲು ಏನಾಯಿತು ಎಂದು ಇನ್ನೊಬ್ಬರು ಕೇಳಿದರು.

"ಸಂಜೆ ಫ್ರಿಜ್ಜು ರಿಪೇರಿ ಆಯ್ತು. ಇದೂ ಎದ್ದಿತು. ಒಂದಕ್ಷರ ಬದಲಾಯಿಸ್ಲಿಲ್ಲ ಅವಳು."

ಕೇಳುತ್ತಿದ್ದವರು ಲೋಟಗಳನ್ನು ಕಟ್ಟೆಯ ಮೇಲಿಟ್ಟು ಮನೆಗೆ ಹೊರಟರು. ಬಾಗಿಲ ಬಳಿ ತಂಪು ಪಾನೀಯದ ಗಾಜಿನ ಪೆಟ್ಟಿಗೆಯೊಂದು ಗುಂಯ್‌ಗುಡುತ್ತಿತ್ತು. ಕೊನೆಯಲ್ಲಿ ಹೋದವನು ಅದರ ಮೇಲೆ ಅಂಗೈ ಇಟ್ಟು, ತಣ್ಣಗಿದೆಯೇ ಎಂದು ನೋಡಿ, ಆಮೇಲೆ ಹೊಸ್ತಿಲು ದಾಟಿದ.