ಬುಧನ ಗಾಡಿಗೆ ಆರತಿ

ಯಲ್ಲಾಪುರದ ಆ ಶಾಲೆಯಲ್ಲಿ ಬಿಸಿಯೂಟದ ಅಕ್ಕಿ ಮೂಟೆ ಇಡಲು ಬೇರೆ ಜಾಗವೇ ಇರಲಿಲ್ಲವಂತೆ! ಎಲ್ಲರ ಕಣ್ಣು ಬಿದ್ದದ್ದು ವಿಜ್ಞಾನದ ಕೋಣೆಯ ಮೇಲೆ. ಒಡೆದ ಗಾಜಿನ ನಳಿಕೆ, ತುಕ್ಕು ಹಿಡಿದ ಸ್ಟ್ಯಾಂಡುಗಳ ಆ ಕೋಣೆಯೆಂದರೆ ವಿಜ್ಞಾನ ಕಲಿಸುವ ಅಸ್ಫಿಯಾಳಿಗೆ ಜೀವ. ಅದನ್ನೊಂದು ಬಿಟ್ಟುಬಿಡಿ ಎಂದು ಹೆಡ್‌ಮಾಸ್ತರ ಅನಂತಮೂರ್ತಿಯವರ ಬೆನ್ನು ಹತ್ತಿದ್ದಳು.

“ಅಕ್ಕೋರೆ, ಶಿರಸಿಯ ವಿಜ್ಞಾನ ಪ್ರದರ್ಶನದಲ್ಲಿ ಬಹುಮಾನ ತನ್ನಿ, ಕೋಣೆ ನಿಮ್ಮದು. ಇಲ್ದಿದ್ರೆ ಎಂತ ಮಾಡೂದು, ಅಕ್ಕಿಯದ್ದು,” ಎಂದುಬಿಟ್ಟರು ಅವರು, ಪೀಡೆ ತೊಲಗಿದರೆ ಸಾಕೆಂಬಂತೆ.

ಅದು ೨೦೦೮ರ ಜನವರಿ. ಮೆಸೆಂಜರ್ ಎಂಬ ಅಮೆರಿಕದ ನೌಕೆ ಆ ವಾರವೇ ಬುಧಗ್ರಹದ ಪಕ್ಕದಲ್ಲಿ ಹಾದುಹೋಗುವುದಿತ್ತು. ಸೂರ್ಯನ ಅಷ್ಟು ಹತ್ತಿರ ಹೋದರೂ ಸುಡದಂತೆ ಅದಕ್ಕೊಂದು ಬಟ್ಟೆಯ ಮರೆ. ಅಸ್ಫಿಯಾ ಅದರದ್ದೇ ಮಾದರಿ ಕಟ್ಟಿದಳು. ಬಿಸ್ಕೀಟು ಡಬ್ಬಿಯೇ ಒಡಲು. ಅಣ್ಣ ಜಹೀರನ ಲಾರಿ ಗ್ಯಾರೇಜಿನಿಂದ ತಂದ ಸಿಲ್ವರ್ ಪೇಂಟನ್ನು ತನ್ನ ದುಪಟ್ಟಾಕ್ಕೆ ಬಳಿದು, ಬಿಗಿಯಾಗಿ ಎಳೆದು ಮರೆ ಮಾಡಿದಳು.

ಹೊರಡುವ ಬೆಳಿಗ್ಗೆ ಟೆಂಪೋ ಬಂತೇ ಎಂದು ಗೇಟಿಗೆ ಹೋಗಿ ಬರುವಷ್ಟರಲ್ಲಿ ಕೆಲಸ ಕೆಟ್ಟಿತ್ತು. ಬಿಸಿಯೂಟದ ಅಡುಗೆಯ ಸಿದ್ದವ್ವ ಮಾದರಿಗೆ ಕುಂಕುಮ ಹಚ್ಚಿ, ನಿಂಬೆಹಣ್ಣು ಇಟ್ಟು, ಕರ್ಪೂರ ಬೆಳಗುತ್ತಿದ್ದಳು. ಅಸ್ಫಿಯಾ ಬಾಯಿ ತೆರೆಯುವುದರೊಳಗೆ ಮರೆ ಭಗ್ಗೆಂದಿತು. ನೀರು ಸುರಿದು ಆರಿಸಿದಾಗ ಉಳಿದದ್ದು ತಟ್ಟೆಯಗಲದ ತೂತು.

“ಸೂರ್ಯನ ಹಂತೇಕ ಹೊಂಟೈತಿ ಅಂತ ನೀವ ಹೇಳಿದ್ರಲ್ರಿ ಅಕ್ಕೋರ,” ಸಿದ್ದವ್ವ ಅಳತೊಡಗಿದಳು. “ಹೊಸಾ ಗಾಡಿನ್ನ ಆರತಿ ಮಾಡದ ಹೆಂಗ ಕಳಸೋದ್ರಿ?”

“ಇದು ಹೋಗೋದು ಶಿರಸಿಗೆ ಮಾರಾಯ್ತಿ!”

ತೇಪೆ ಹಾಕಲು ಹೊತ್ತಿರಲಿಲ್ಲ. ಶಿರಸಿಯಲ್ಲಿ ತೀರ್ಪುಗಾರರು ಮರೆಯನ್ನು ಬೆರಳಲ್ಲಿ ತಟ್ಟಿ ಕೇಳಿದರು: “ಇದು ಎಂತಕ್ಕೆ?”

“ಶಾಖಕ್ಕೆ ಸುಡದೆ ಇರ್ಲಿಕ್ಕೆ ಸರ್.”

ಅವರು ಆ ತೂತಿನೊಳಗಿಂದಲೇ ಅವಳನ್ನು ನೋಡಿ, ನಕ್ಕು, ಮುಂದಿನ ಮೇಜಿಗೆ ಹೋದರು. ಅವಳಿಗೆ ಮೈಯೆಲ್ಲ ಉರಿದುಹೋಯಿತು. ಒಂದು ತಟ್ಟೆ ಕರ್ಪೂರ ತಡೆಯದ ಮರೆಯ ಬಗ್ಗೆ ಇನ್ನೇನು ಹೇಳುವುದು?

ಮುಂದಿನ ವಾರ ವಿಜ್ಞಾನದ ಕೋಣೆಗೆ ಅಕ್ಕಿ ಮೂಟೆಗಳು ಬಂದವು. ಅಸ್ಫಿಯಾ ಕೈಯಲ್ಲಿ ಪೇಪರಿನಿಂದ ಕತ್ತರಿಸಿದ ಚಿತ್ರ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಮೆಸೆಂಜರ್ ತೆಗೆದು ಕಳಿಸಿದ್ದು, ಬುಧನ ಮೈಯಲ್ಲಿ ಅದುವರೆಗೆ ಯಾರೂ ನೋಡದ ಮಗ್ಗುಲು.

“ಅದು ತಗದ ಫೋಟೋ ಏನ್ರಿ?” ಸಿದ್ದವ್ವ ಅಂಜುತ್ತಲೇ ಕೇಳಿದಳು. “ಖರೇ ಗಾಡಿ ಸುಡಲಿಲ್ಲಲ್ರಿ?”

“ಇಲ್ಲ.”

ಸಿದ್ದವ್ವನ ಮುಖ ಅರಳಿತು. “ನೋಡ್ರಿ ಮತ್ತ! ನನ್ನ ಆರತಿ ಅದಕ್ಕ ಮುಟ್ಟೇತಿ.”

ಅಸ್ಫಿಯಾ ಸರ್ರನೆ ಒಳಗೆ ಹೋದಳು. ಚಿತ್ರ ಹಚ್ಚಲು ಗೋಡೆ ಹುಡುಕಿದಳು. ನಾಲ್ಕೂ ಕಡೆ ಮೂಟೆ. ಕೊನೆಗೆ ಎದುರಿನ ಮೂಟೆಯ ಮೇಲೇ ಅದನ್ನಿಟ್ಟು, ಇದ್ದಬದ್ದ ಸಿಟ್ಟನ್ನೆಲ್ಲ ಸೇರಿಸಿ ಒಂದು ಮೊಳೆ ಚುಚ್ಚಿದಳು. ಬುಧನ ಕೆಳಗಿನಿಂದ ಅಕ್ಕಿ ಸಣ್ಣಗೆ ಸುರಿಯತೊಡಗಿತು. ಕೈ ಅಡ್ಡ ಹಿಡಿಯುವ ಮನಸ್ಸು ಅವಳಿಗೆ ಬರಲಿಲ್ಲ.