ಬರೇ ಕಿವಿ ಸಾಲದು

ಸುಂಕಮ್ಮನ ಕುರಿಗಳನ್ನು ಉಚ್ಚಮ್ಮ ಪಾಲಿಗೆ ಮೇಯಿಸುತ್ತಿದ್ದಳು. ಕುರಿ ಒಬ್ಬಳವು, ಕಾಯುವ ಕಷ್ಟ ಇನ್ನೊಬ್ಬಳದು, ಹುಟ್ಟಿದ ಮರಿಗಳಲ್ಲಿ ಅರ್ಧರ್ಧ. ಆಂಧ್ರದ ಗಡಿಯ ಆಲೂರಿನ ಸುತ್ತ ಇದಕ್ಕೆ ಯಾರೂ ಕಾಗದ ಮಾಡಿಸಿದ್ದಿಲ್ಲ. ಮೇವಿಗೆಂದು ದೂರ ಹೋದಾಗ ಕುರಿ ಸತ್ತರೆ, ಕಾಯುವವರು ಒಡೆಯರ ಗುರುತಿರುವ ಕಿವಿ ಕೊಯ್ದು ತಂದುಕೊಡುತ್ತಾರೆ. ಕಿವಿ ಕೈಗೆ ಬಂತೆಂದರೆ ಆ ಕುರಿಯ ಮಾತು ಮುಗಿಯಿತು.

ಕಾಗದ ಮಾಡಿಸಿದವಳು ಸುಂಕಮ್ಮನ ಮಗಳು ಲಾವಣ್ಯ. ಕರ್ನೂಲಿನಲ್ಲಿ ಲಾ ಓದುತ್ತಿದ್ದಳು. ರಜೆಗೆ ಬಂದವಳು ಬಾಂಡ್ ಪೇಪರಿನ ಮೇಲೆ ತೆಲುಗಿನಲ್ಲಿ ಟೈಪ್ ಮಾಡಿಸಿ, ಉಚ್ಚಮ್ಮನನ್ನು ಮನೆಯ ಕಟ್ಟೆಯ ಮೇಲೆ ಕೂರಿಸಿದಳು.

“ಏನ ವಕೀಲಮ್ಮ, ನನ್ನ ಮದಿವಿ ಮಾಡ್ತೀಯೇನು ಇನ್ನೊಂದ್ಸಲ?” ಎಂದಳು ಉಚ್ಚಮ್ಮ.

“ಅಗ್ರಿಮೆಂಟು, ಸಣ್ಣಮ್ಮ. ನೀ ಒಂದು ಮಾಡ್ತೀನಂತಿ, ಅದಕ್ಕ ಅಮ್ಮ ಒಂದು ಕೊಡ್ತೀನಂತಾಳ. ಇಬ್ರೂ ಮನಸಿನಿಂದ ಒಪ್ಪಬೇಕು. ಹೆದರಿಸಿ ಸೈನ್ ಹಾಕಿಸ್ಕೊಂಡ್ರ ನಡಿಯಂಗಿಲ್ಲ. ಒಪ್ಪಿದ ಮ್ಯಾಲ ಇಬ್ರಿಗೂ ಕಟ್ಟು. ಒಬ್ರು ತಪ್ಪಿದ್ರ ಇನ್ನೊಬ್ರು ಕೋರ್ಟಿಗೆ ಹೋಗಿ ಕೇಳಬೋದು. ಬದಲು ಮಾಡಬೇಕಂದ್ರ ಇಬ್ರೂ ಒಪ್ಪಿನೇ ಮಾಡಬೇಕು.”

“ಮಾತು ಕೊಟ್ಟಂಗ ಆತಲ್ಲ ಮತ್ತ!”

“ಹೂಂ, ಮಾತೇ. ನಾಳೆ ಯಾರೂ ಹಂಗಂದಿಲ್ಲ ಅನ್ನಬಾರದಂತ ಬರಿಯೋದು.”

ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದ ಸುಂಕಮ್ಮನಿಗೆ ಮಗಳ ಮೇಲೆ ಹೆಮ್ಮೆಯಾಯಿತು. ಲಾವಣ್ಯ ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಹೇಳುತ್ತ ಹೋದಳು.

“ಕುರಿ ಸತ್ರ ಬರೇ ಕಿವಿ ಸಾಲದು. ಸತ್ತ ಕುರಿನ ತಂದು ತೋರಿಸಬೇಕು.”

ಉಚ್ಚಮ್ಮನ ನಗು ನಿಂತಿತು. “ಇದ್ಯಾಕ?”

“ಹೋದ ಮಳಿಗಾಲದಾಗ ಕಿವಿ ಮ್ಯಾಲ ಕಿವಿ ಬಂದುವಂತಲ್ಲ. ಕಟುಕರಿಗೆ ಮಾರಿ ಕಿವಿ ತಂದ್ರ ನಮಗ ಹೆಂಗ ಗೊತ್ತಾಗ್ತತಿ ಅಂತ ಅಮ್ಮನೇ...” ಲಾವಣ್ಯ ಅಲ್ಲಿಗೆ ನಿಲ್ಲಿಸಿದಳು. ಆದರೆ ಹೇಳಬಾರದ್ದು ಆಗಲೇ ಹೊರಗೆ ಬಂದಿತ್ತು.

ಫೋನಿನಲ್ಲಿ ಮಗಳಿಗೆ ಹಾಗೆ ಅಂದಿದ್ದವಳು ಸುಂಕಮ್ಮನೇ. ಇಲ್ಲವೆಂದರೆ ಸುಳ್ಳು. ಹೌದೆಂದರೆ ಮುಖ ಎಲ್ಲಿಡುವುದು? ಅವಳು ತಲೆ ಎತ್ತದೆ, ಕಲ್ಲಿಲ್ಲದ ಅಕ್ಕಿಯಲ್ಲಿ ಕಲ್ಲು ಹುಡುಕಿದಳು. ‘ಅದನ್ನ ತೆಗಿ’ ಎಂಬ ಒಂದು ಮಾತಿಗಾಗಿ ಉಚ್ಚಮ್ಮ ಅವಳನ್ನೇ ನೋಡುತ್ತ ಕಾದಳು. ಕೊನೆಗೆ ಲಾವಣ್ಯಳತ್ತ ಕೈ ಚಾಚಿದಳು.

“ಕೊಡು ಪೆನ್ನು.”

“ಮನಸಿನಿಂದ ಒಪ್ಪಿದಿ ತಾನೇ, ಸಣ್ಣಮ್ಮ?”

“ಈ ಕುರಿ ಬಿಟ್ರ ನನಗ ಬ್ಯಾರೆ ಏನೈತಿ? ಅದನ್ನೂ ಬರಿಯಾಕ ಬರ್ತತೇನು ನಿನ್ನ ಪೇಪರಿನಾಗ? ಕೊಡು.”

ಜೋಳ ಕೊಯ್ದ ಮೇಲೆ ಉಚ್ಚಮ್ಮ ಮಂದೆಯನ್ನು ಮೇವಿಗೆಂದು ದೂರದ ಪತ್ತಿಕೊಂಡದ ಕಡೆ ಹೊಡೆದುಕೊಂಡು ಹೋದಳು. ಒಂದು ಮಧ್ಯಾಹ್ನ ಸುಂಕಮ್ಮನ ಮನೆಯ ಮುಂದೆ ಆಟೋ ಬಂದು ನಿಂತಿತು. ಡ್ರೈವರ್ ಮೂಗಿಗೆ ಟವೆಲ್ ಕಟ್ಟಿಕೊಂಡು ಬೈಯುತ್ತಿದ್ದ. ಉಚ್ಚಮ್ಮ ಗೋಣಿಚೀಲವೊಂದನ್ನು ಎಳೆದು ಇಳಿಸಿ, ಸತ್ತ ಕುರಿಯನ್ನು ಬಾಗಿಲ ಮುಂದೆ ಸುರಿದಳು. ವಾಸನೆಗೆ ಪಕ್ಕದ ಮನೆಗಳವರು ಹೊರಗೆ ಬಂದರು.

“ಹೊಟ್ಟಿ ಉಬ್ಬಿ ಸತ್ತತಿ. ನೋಡಕ್ಕ.”

“ಅಯ್ಯ ತಾಯಿ, ಇದನ್ಯಾಕ ಹೊತ್ಕೊಂಡು ಬಂದಿ? ಕಿವಿ ತಂದಿದ್ರ ಸಾಕಾಗಿತ್ತು.”

“ಸಾಲದು ಅಂತ ಐತಿ ಕಾಗದದಾಗ.”

“ಆ ಮಾತು ತೆಗಸ್ತೀನಿ. ಈಗೇ ಲಾವಣ್ಯಗ ಫೋನ್ ಮಾಡ್ತೀನಿ.”

“ಇಬ್ರೂ ಒಪ್ಪಬೇಕಲ್ಲ? ನಾ ಒಪ್ಪಂಗಿಲ್ಲ.” ಉಚ್ಚಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ. “ಬಗ್ಗಿ ನೋಡು. ಎರಡೂ ಕಿವಿ ಅದಾವೋ ಇಲ್ಲೋ?”

“ಏಮೈಂದಿ?” ಎಂದು ಯಾರೋ ಏನಾಯಿತೆಂದು ತೆಲುಗಿನಲ್ಲಿ ಕೇಳಿದರು. ಸುಂಕಮ್ಮ ಸೆರಗನ್ನು ಮೂಗಿನ ತನಕ ಎತ್ತಿದಳು, ಹಾಗೇ ಕೆಳಗೆ ಬಿಟ್ಟಳು. ಬಗ್ಗಿ ನೋಡಿದಳು.

“ಅದಾವು,” ಎಂದಳು.

“ಜೋರಾಗಿ ಅನ್ನು. ಮಂದಿಗೂ ಕೇಳ್ಲಿ.”

“ಅದಾವು,” ಎಂದು ಸುಂಕಮ್ಮ ಇನ್ನೊಮ್ಮೆ ಹೇಳಿದಳು.