ಬೆರಳಿಟ್ಟು ನೋಡಿದವರು

ಬಚ್ಚಲಲ್ಲಿ ಜಾರಿ ಬಿದ್ದು ನನ್ನ ಮಣಿಕಟ್ಟು ಊದಿಕೊಂಡಾಗ ಯಲಹಂಕದ ಆಸ್ಪತ್ರೆ ಡಾಕ್ಟ್ರು ಮುಟ್ಟಿಯೂ ನೋಡದೆ, "ಬರೀ ಉಳುಕು ಕಣಮ್ಮ" ಅಂತ ಮುಲಾಮು ಬರೆದುಕೊಟ್ಟರು. ಮುರಿದಿದ್ದ ಮೂಳೆ ಸೊಟ್ಟಗೆ ಕೂಡಿಕೊಂಡಿತು. ಈಗ ಮುದ್ದೆ ತೊಳಸೋಕೂ ಆಗಲ್ಲ. ಬಿಡ್ತೀನಾ? ಕೇಸ್ ಹಾಕಿದೆ.

ಗ್ರಾಹಕರ ಕೋರ್ಟಲ್ಲಿ ಆಸ್ಪತ್ರೆ ಲಾಯರ್ರು, "ಈಯಮ್ಮ ಬಾಗಲೂರಿನ ನಾಟಿ ವೈದ್ಯರ ಹತ್ರ ಹೋಗಿದ್ರು. ಅವರು ಕಟ್ಟು ಹಾಕಿದ್ದಕ್ಕೇ ಸೊಟ್ಟಗಾಗಿದೆ" ಅಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಮಾರನೇ ದಿನ ಹೋಗಿದ್ದು ನಿಜ, ಸುಳ್ಳು ಯಾಕೆ ಹೇಳಲಿ?

ಆ ವೈದ್ಯರು, ಕೃಷ್ಣಯ್ಯನವರು, ಸಾಕ್ಷಿಗೆ ಬಂದಿದ್ದರು. "ನಾನು ಕಟ್ಟು ಹಾಕ್ಲೇ ಇಲ್ಲ ಸ್ವಾಮಿ. ಬೆರಳಿಟ್ಟ ತಕ್ಷಣ ಮುರಿದೈತೆ ಅಂತ ಗೊತ್ತಾಯ್ತು. ಎಕ್ಸ್‌ರೇ ತೆಗೆಸಿ ಅಂತ ನಿಮ್ ಆಸ್ಪತ್ರೆಗೇ ವಾಪಸ್ ಕಳಿಸ್ದೆ" ಅಂದರು.

ಅವತ್ತೇ ನಾನು ವಾಪಸ್ ಹೋದಾಗ ಆಸ್ಪತ್ರೆಯವರು ಕೊಟ್ಟ ಎರಡನೇ ಚೀಟಿಯನ್ನು ನಾನು ಮೇಜಿನ ಮೇಲಿಟ್ಟೆ. ಅದರಲ್ಲೂ ಅದೇ ಮುಲಾಮು.